ರಕ್ತದಾನದ ಟೆಸ್ಟು

"ಹಲೋ... ಹಾಂ, ಹಲೋ, ಯಾರು ಮಾತಾಡ್ತಿರೋದು?... ಯಾರು?... ಮನೂನಾ? ಇದ್ಯಾರ ನಂಬರೋ?... ವೀರೇಶ್ ಅಂದ್ರೆ?... ಓ, ನಿಮ್ ಲೈನಲ್ಲೇ ಕೆಲಸ ಮಾಡ್ತಾನಲ್ಲ, ರಾಯಚೂರಿನ ಹುಡುಗ. ನಿನ್ನ ಫೋನಿಗೇನಾಯ್ತು?... ಚಾರ್ಜ್ ಇಲ್ವಾ. ಸರಿ, ಹೇಳು. ಊಟಕ್ಕೆ ಕೂತಿದ್ದೀನಿ, ಬೇಗ ಹೇಳು..."

ಹೆಬ್ಬಗೋಡಿಯ ಒಂದು ಓಣಿಯೊಳಗಿನ ಆ ಲ್ಯಾಬಿನಲ್ಲಿ ಯಮುನಾ ಹನ್ನೊಂದು ವರ್ಷದಿಂದ ಟೆಕ್ನಿಷಿಯನ್. ಬೆಳಗಿನಿಂದ ಮೂವತ್ತು ಜನರ ರಕ್ತ ತೆಗೆದು, ಕಫದ ಡಬ್ಬಿ, ಮೂತ್ರದ ಡಬ್ಬಿಗಳಿಗೆಲ್ಲ ಹೆಸರು ಅಂಟಿಸಿ, ಕೈ ತೊಳೆದುಕೊಂಡು ಒಳಗಿನ ಸಣ್ಣ ಕೋಣೆಯಲ್ಲಿ ಮುದ್ದೆ, ಸೊಪ್ಪಿನ ಸಾರಿನ ಡಬ್ಬಿ ಬಿಚ್ಚಿದ್ದಳು. ಈಕೆಗೆ ಹೇಸಿಗೆ ಅನ್ನುವುದೇ ಇಲ್ಲ ಎಂದು ಜೊತೆಯವರು ಆಡಿಕೊಳ್ಳುತ್ತಾರೆ. ಮಲದ ಸ್ಯಾಂಪಲ್ಲು ಪಕ್ಕದ ಮೇಜಿನ ಮೇಲಿದ್ದರೂ ನಿಶ್ಚಿಂತೆಯಾಗಿ ಉಣ್ಣುವ ಹೆಂಗಸು. ಆ ಕಡೆ ಪೀಣ್ಯದ ಕಾರ್ಖಾನೆಯಿಂದ ಮಾತಾಡುತ್ತಿದ್ದವನು ಅವಳ ಒಬ್ಬನೇ ತಮ್ಮ.

"ಉರಿಮೂತ್ರಾನಾ? ಯಾರಿಗೆ?... ವೀರೇಶನಿಗಾ? ಎಷ್ಟು ದಿನದಿಂದ?... ಹೀಟಾ? ಹೀಟು ಅಂತ ಯಾರು ಹೇಳಿದ್ದು?... ಎಳನೀರು ಕುಡಿದ್ನಾ. ಆಮೇಲೆ?... ಜೀರಿಗೆ ನೀರು. ಹೂಂ... ಹೊಕ್ಕಳಿಗೆ ಹರಳೆಣ್ಣೆ ಬೇರೆ ಹಚ್ಕೊಂಡ್ನಾ. ಕಮ್ಮಿ ಆಯ್ತಾ?... ಆಗ್ಲಿಲ್ಲ, ಅಲ್ವಾ..."

"ಲೋ, ಸರಿಯಾಗಿ ಹೇಳು. ಬರೀ ಉರೀನಾ, ಇನ್ನೇನಾದ್ರೂ ಇದೆಯಾ?... ಏನು ಸೋರ್ತಿದೆ?... ಕೀವಾ?... ಚಡ್ಡಿಗೆ ಅಂಟ್ಕೋತಿದೆಯಾ. ಹಾಂ. ಇದು ಹೀಟಲ್ಲ ಕಣೋ, ಎಳನೀರಿಗೆ ಹೋಗೋದಲ್ಲ ಇದು. ಅವನಿಗೆ ಫೋನ್ ಕೊಡು, ನಾನೇ ಕೇಳ್ತೀನಿ... ಕ್ಯಾಂಟೀನಿಗೆ ಹೋದ್ನಾ? ಫೋನ್ ನಿನ್ನ ಹತ್ರ ಬಿಟ್ಟು?... ಬೆಳಗ್ಗೆ ಎದ್ದಾಗ ಜಾಸ್ತಿ ಇರುತ್ತೆ ಅಂತ ನಿನಗೆ ಹೆಂಗೋ ಗೊತ್ತು?... ಹೇಳಪ್ಪ. ಚಡ್ಡಿ ಬಿಚ್ಚಿ ನಿನಗೆ ತೋರಿಸಿದ್ನಾ ಅವನು?..."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ವಭಾವ ಮನುವಿಗೆ ಚಿಕ್ಕಂದಿನಿಂದ. ಯಮುನಾ ಮುರಿದಿದ್ದ ತುತ್ತನ್ನು ಡಬ್ಬಿಗೇ ಹಾಕಿದಳು. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡು ಬಂದಳು.

"ನೀನೇ ಅಲ್ವಾ?... ಅಳಬೇಡ, ಯಾರಾದ್ರೂ ನೋಡ್ತಾರೆ. ಯಾವಾಗ ಆಗಿದ್ದು ಇದು?... ಹೋದ ಶನಿವಾರ. ಅಂದ್ರೆ ಇವತ್ತಿಗೆ ಏಳು ದಿನ. ಅದಾದ್ಮೇಲೆ ದೀಪಶ್ರೀ ಹತ್ರ ಹೋಗಿದ್ಯಾ?... ಸತ್ಯ ಹೇಳು... ಹೋಗಿಲ್ಲ. ನಿಜ ತಾನೇ?... ಸದ್ಯ."

ದೀಪಶ್ರೀ ಮನುವಿನ ಹೆಂಡತಿ, ಏಳು ತಿಂಗಳ ಬಸುರಿ. ಬಾಗಲಗುಂಟೆಯ ಬಾಡಿಗೆ ಮನೆಯ ಮೂರನೇ ಮಹಡಿ ಹತ್ತಲಾರದೆ ಸರ್ಜಾಪುರದ ತವರಿಗೆ ಹೋಗಿ ಒಂದು ತಿಂಗಳಾಗಿತ್ತು. ನಾಳೆ ಭಾನುವಾರ ಅಲ್ಲಿಯೇ ಸೀಮಂತ. ತಮ್ಮನಿಗೆ ಏನು ಹತ್ತಿದರೂ ಹತ್ತಲಿ, ಅದು ಆ ಹುಡುಗಿಗೂ ಹೊಟ್ಟೆಯೊಳಗಿನ ಕೂಸಿಗೂ ಹತ್ತದಿರಲಿ ಎಂಬುದೊಂದೇ ಯಮುನಾಳ ತಲೆಯಲ್ಲಿ ಓಡುತ್ತಿದ್ದುದು.

"ಎಲ್ಲಿ?... ತುಮಕೂರು ರೋಡಿನ ಲಾಡ್ಜಾ. ಯಾರ್ಯಾರು ಹೋಗಿದ್ರಿ?... ಬೇಡ ಬಿಡು, ಅವರ ಹೆಸರು ಕಟ್ಕೊಂಡು ನನಗೇನಾಗಬೇಕು. ಕಾಂಡೋಮ್ ಹಾಕ್ಕೊಂಡಿದ್ಯಾ ಇಲ್ವಾ, ಅದೊಂದು ಹೇಳು... ಏನಂದೆ? ಇನ್ನೊಂದ್ಸಲ ಹೇಳು... ನೋಡಕ್ಕೆ ಕ್ಲೀನಾಗಿದ್ಲು ಅಂತ ಬೇಡ ಅಂದ್ಕೊಂಡ್ಯಾ. ಥೂ. ಏನೋ ಮಾತು ಅದು? ಸಂತೇಲಿ ಟೊಮೇಟೊ ಆರಿಸ್ದಂಗೆ. ಕ್ಲೀನಂತೆ. ನಿನ್ನಂಥ ಕ್ಲೀನ್ ಗಂಡಸರು ಎಷ್ಟು ಜನ ತಂದು ಅಂಟಿಸಿದ್ರೋ ಆ ಹೆಂಗಸಿಗೆ. ಅವಳು ಯಾವ ಅಕ್ಕನಿಗೆ ಫೋನ್ ಮಾಡ್ಬೇಕು?... ಹೂಂ, ಸುಮ್ನಿರು."

ಅವಳಿಗೆ ಅಸಹ್ಯವಾಯಿತು. ಅಮ್ಮ ಹೊಲಕ್ಕೆ ಹೋದಾಗ ಇವನ ಮೂಗು ಒರೆಸಿ, ಕುಂಡೆ ತೊಳೆದು, ಬಗಲಲ್ಲಿ ಹೊತ್ತು ತಿರುಗಿದವಳು ಅವಳೇ. ಆಗೆಲ್ಲ ಬಾರದ ಹೇಸಿಗೆ ಈಗ ಬಂತು. ಅವನು ಮೂಗೆಳೆಯುವ ಸದ್ದು ಕಿವಿಗೆ ಬಿದ್ದರೂ ಫೋನನ್ನು ಸ್ವಲ್ಪ ದೂರ ಹಿಡಿದಳು.

"ಕೇಳಿಲ್ಲಿ. ಮೂರು ದಿನದೊಳಗೆ ಹೇಳಿದ್ದಿದ್ರೆ ಸರ್ಕಾರಿ ಆಸ್ಪತ್ರೇಲಿ ಎಚ್‌ಐವಿ ಹತ್ತದಂಗೆ ಮಾತ್ರೆ ಕೊಡ್ತಿದ್ರು. ಇಪ್ಪತ್ತೆಂಟು ದಿನ ನುಂಗೋದು. ಎಪ್ಪತ್ತೆರಡು ಗಂಟೆ ದಾಟಿದ್ಮೇಲೆ ಅದು ಉಪಯೋಗಕ್ಕೆ ಬರಲ್ಲ... ಯಾಕೋ ಹೇಳ್ಲಿಲ್ಲ? ಅಕ್ಕ ಲ್ಯಾಬಲ್ಲಿದ್ದಾಳೆ ಅಂತ ಕಾರ್ಖಾನೆಯವ್ರಿಗೆಲ್ಲ ಇಲ್ಲಿಗೆ ಬರಕ್ಕೆ ಹೇಳ್ತೀಯ... ನಾಚಿಕೆ ಆಯ್ತಾ. ಲಾಡ್ಜಲ್ಲಿ ಆಗ್ಲಿಲ್ಲ, ನನ್ನ ಹತ್ರ ಆಯ್ತಾ..."

"ಕೀವಿಗೆ ಔಷಧಿ ಇದೆ, ವಾಸಿ ಆಗುತ್ತೆ. ಇವತ್ತೇ ರಜೆ ಹಾಕಿ ಸರ್ಕಾರಿ ಆಸ್ಪತ್ರೆಗೆ ಹೋಗು. ಗುಪ್ತರೋಗಕ್ಕೆ ಅಂತಾನೇ ಬೇರೆ ಕೋಣೆ ಇರುತ್ತೆ, ಅಲ್ಲಿ ಯಾರೂ ಬೈಯಲ್ಲ. ಮೆಡಿಕಲ್ ಶಾಪಲ್ಲಿ ಕೇಳ್ಕೊಂಡು ಏನೇನೋ ನುಂಗಬೇಡ. ರಕ್ತಾನೂ ಟೆಸ್ಟ್ ಮಾಡಿಸು... ಏನು?... ಆಗೋಯ್ತಾ? ಯಾರು ಮಾಡಿದ್ರು?"

ಇಲ್ಲಿ ಮನುವಿನ ದನಿ ಗೆಲುವಾಯಿತು. ಯಾರಿಗೂ ಹೊಳೆಯದ ಉಪಾಯ ತನಗೆ ಹೊಳೆಯಿತು ಎನ್ನುವವನ ದನಿ. ಯಮುನಾಳಿಗೆ ಮೊದಲು ಅರ್ಥವೇ ಆಗಲಿಲ್ಲ.

"ಮೊನ್ನೆ ಗುರುವಾರಾನಾ? ಕಾರ್ಖಾನೆಯಲ್ಲಾ?... ರಾಜ್ಯೋತ್ಸವದ ಶಿಬಿರ, ಹಾಂ, ಸ್ಟೇಟಸ್ ಹಾಕಿದ್ದೆ, ನೋಡ್ದೆ. ಕುತ್ತಿಗೇಲಿ ಹಳದಿ ಕೆಂಪು ಶಾಲು, ಕೈಯಲ್ಲಿ ಸರ್ಟಿಫಿಕೇಟು. ನಾನೇ ಶಭಾಷ್ ಅಂತ ಬರೆದಿದ್ದೆ. ಅದಕ್ಕೂ ಟೆಸ್ಟಿಗೂ ಏನೋ?... ತಡಿ. ತಡಿ ತಡಿ. ರಕ್ತ ಕೊಟ್ರೆ ಅವರೇ ಟೆಸ್ಟ್ ಮಾಡ್ತಾರೆ ಅಂತ ಕೊಟ್ಯಾ?... ಪುಕ್ಕಟೆ. ಯಾರಿಗೂ ಗೊತ್ತಾಗಲ್ಲ. ಏನಾದ್ರೂ ಇದ್ರೆ ಮಾತ್ರ ಫೋನ್ ಮಾಡ್ತಾರೆ, ಮಾಡ್ಲಿಲ್ಲ ಅಂದ್ರೆ ಏನೂ ಇಲ್ಲ ಅಂತ ಲೆಕ್ಕ. ಯಾರು ಹೇಳ್ಕೊಟ್ರೋ ಇದನ್ನ ನಿನಗೆ?... ಎಲ್ರೂ ಹಂಗೇ ಮಾಡ್ತಾರಾ."

ಊಟದ ಡಬ್ಬಿಯ ಮುಚ್ಚಳ ಒತ್ತಿ ಹಾಕಿ, ಅದನ್ನು ಕಣ್ಣಿಗೆ ಕಾಣದಂತೆ ಕುರ್ಚಿಯ ಕೆಳಗಿಟ್ಟಳು. ಅಷ್ಟರಲ್ಲಿ ಬಾಗಿಲು ಸರಿಸಿ ರಿಸೆಪ್ಷನ್ನಿನ ರಾಣಿ ತಲೆ ತೂರಿಸಿದಳು.

"ಎರಡು ನಿಮಿಷ ರಾಣಿ, ಕೂರಿಸು ಅವರನ್ನ... ಇಲ್ಲ ಕಣೋ, ನಿನಗಲ್ಲ ಹೇಳಿದ್ದು. ಉರಿ ಇದ್ದಾಗ್ಲೇ ಹೋಗಿ ಮಲಗಿ ಕೈ ಚಾಚಿದ್ಯಾ?... ಫಾರಮ್ಮಲ್ಲಿ ಕೇಳಿರ್ತಾರಲ್ಲ, ಇಂಥದ್ದೆಲ್ಲ ಮಾಡಿದ್ದೀರಾ ಅಂತ. ಏನು ಬರೆದೆ?... ಸೊಣ್ಣಪ್ಪ ಬರೆದ್ರಾ? ಯಾರು ಸೊಣ್ಣಪ್ಪ?... ಕನ್ನಡ ಸಂಘದ ಅಧ್ಯಕ್ಷರು. ಕ್ಯೂ ಬೇಗ ಮುಗೀಲಿ ಅಂತ ಎಲ್ಲರ ಫಾರಮ್ಮಿಗೂ ಅವರೇ ಇಲ್ಲ, ಇಲ್ಲ, ಇಲ್ಲ ಅಂತ ಟಿಕ್ ಹಾಕ್ಕೊಂಡು ಹೋದ್ರಾ. ನೂರಾ ಒಂದು ಯೂನಿಟ್ ಆಗ್ಬೇಕಿತ್ತಾ ಅವರಿಗೆ. ನೀನು ಬಾಯಿ ಮುಚ್ಕೊಂಡು ಸೈನ್ ಹಾಕಿ, ಜ್ಯೂಸ್ ಕುಡಿದು, ಶಾಲು ಹೊದ್ಕೊಂಡು ಬಂದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರೆ. ನೀನು ಊರಿಗೂ ಮಾರೀನೇ ಕಣೋ."

"ಲೋ, ರೋಗ ಒಳಗೆ ಹೋದ ತಕ್ಷಣ ಟೆಸ್ಟಿಗೆ ಸಿಗಲ್ಲ. ಎಚ್‌ಐವಿ ಆಗ್ಲಿ, ಸಿಫಿಲಿಸ್ ಆಗ್ಲಿ, ರಕ್ತದಲ್ಲಿ ಕಾಣಕ್ಕೆ ವಾರಗಟ್ಟಲೆ ಬೇಕು, ಕೆಲವಕ್ಕೆ ತಿಂಗಳು. ಐದು ದಿನದ್ದು ಯಾವ ಮಿಷನ್ನಿಗೂ ಕಾಣಲ್ಲ. ಕಾಣ್ಲಿಲ್ಲ ಅಂದ್ರೆ ಸರಿಯಿದೆ ಅಂದ್ಕೊಂಡು ಯಾರಿಗೋ ಏರಿಸ್ತಾರೆ. ಹೆರಿಗೆ ಆದವಳಿಗೋ, ಆಕ್ಸಿಡೆಂಟ್ ಆದವನಿಗೋ. ನಿನ್ನ ಪುಕ್ಕಟೆ ಟೆಸ್ಟಿಗೆ ಅವರು ಸಾಯ್ಬೇಕಾ?... ಗೊತ್ತಿರ್ಲಿಲ್ಲ. ಹೂಂ, ಗೊತ್ತಿರ್ಲಿಲ್ಲ... ಆ ಚೀಲ ಯಾರಿಗೂ ಕೊಡ್ಬೇಡಿ ಅಂತ ರಕ್ತನಿಧಿಗೆ ಈಗ್ಲೇ ಹೇಳ್ಬೇಕು. ನಿನ್ನ ಹೆಸರು ಸೊಣ್ಣಪ್ಪಂಗೆ ಹೋಗಲ್ಲ, ಹೆದರಬೇಡ. ನೀನು ಹೇಳ್ತೀಯೋ, ನಾನು ಹೇಳ್ಲೋ?... ನಾನೇ ಹೇಳ್ತೀನಿ ಬಿಡು."

"ಏನು?... ನಾಳೆ ಸೀಮಂತ ಮುಗಿಸ್ಕೊಂಡು ಅವಳನ್ನ ಒಂದು ವಾರ ಬಾಗಲಗುಂಟೆಗೆ ಕರ್ಕೊಂಡ್ಬರ್ತೀಯಾ? ಅದನ್ನ ಕೇಳಕ್ಕಾ ಫೋನ್ ಮಾಡಿದ್ದು?... ಕರ್ಕೊಂಡ್ಬರಂಗಿಲ್ಲ. ಮುಟ್ಟಂಗಿಲ್ಲ. ಡಾಕ್ಟ್ರು ಸರಿ ಅನ್ನೋವರೆಗೂ ಅವಳ ಪಕ್ಕ ಮಲಗಂಗಿಲ್ಲ. ಅತ್ತೆ ಮನೆಯವ್ರಿಗೆ ನೈಟ್ ಶಿಫ್ಟ್ ಅಂತ ಸುಳ್ಳು ಹೇಳು, ಸುಳ್ಳು ಹೇಳೋದು ನಿನಗೆ ಹೊಸದೇನಲ್ಲ... ಇನ್ನೊಂದು ಕೇಳ್ತೀನಿ, ಬರೀ ಹೌದು ಇಲ್ಲ ಅನ್ನು. ಇದೇ ಮೊದಲಾ?... ಅಮ್ಮನ ಮೇಲೆ ಆಣೆ ಇಡ್ಬೇಡ, ಅವಳ್ಯಾಕೆ ಇದರಲ್ಲಿ. ಹೋದ ಶನಿವಾರ ಬಿಟ್ರೆ ಇನ್ಯಾವತ್ತೂ ಇಲ್ಲ, ಅಲ್ವಾ?... ಸರಿ. ನಂಬ್ತೀನಿ."

ನಂಬಿದಳು ಕೂಡ. ದೀಪಶ್ರೀ ತವರಿಗೆ ಹೋಗಿದ್ದು ತಿಂಗಳ ಹಿಂದೆ, ಇವನು ಹೇಸಿಗೆ ತುಳಿದದ್ದು ಹೋದ ವಾರ. ಹಾಗಾದರೆ ಆ ಹುಡುಗಿ ಉಳಿದಳು, ಕೂಸೂ ಉಳಿಯಿತು. ಮಾಡಿದ್ದುಣ್ಣೋ ಮಹರಾಯ ಅಂತ ಇವನೊಬ್ಬನೇ ಉಣ್ಣಲಿ ಎಂದುಕೊಂಡಾಗ ಯಮುನಾಳಿಗೆ ಉಸಿರಾಡಲು ಸ್ವಲ್ಪ ಸಲೀಸಾಯಿತು.

"ರಕ್ತನಿಧಿಯ ನಂಬರ್ ಇದೆಯಾ?... ಅವರು ಕೊಟ್ಟ ಕಾರ್ಡು ಪರ್ಸಲ್ಲಿರುತ್ತೆ ನೋಡು... ಹಾಂ, ಹೇಳು, ಬರ್ಕೋತೀನಿ... ಸೊನ್ನೆ ಎಂಟು ಸೊನ್ನೆ... ಹೂಂ... ಹೂಂ... ಆಮೇಲೆ?... ಕೊನೇಲಿ ನಲವತ್ನಾಕು. ಆಯ್ತು. ಫಾರಮ್ಮಲ್ಲಿ ನಿನ್ನ ಯಾವ ನಂಬರ್ ಕೊಟ್ಟಿದ್ದೀಯ, ಅವರು ಕೇಳ್ತಾರೆ... ನಂದಾ?... ನನ್ನ ನಂಬರ್ ಯಾಕೋ ಕೊಟ್ಟೆ?... ನಾಳೆ ನಿನ್ನ ಫೋನ್ ದೀಪಶ್ರೀ ಕೈಲಿರುತ್ತೆ, ಅವಳೇ ಎತ್ತಿಬಿಟ್ರೆ ಅಂತ. ಎಷ್ಟು ತಲೆ ಓಡಿಸಿದ್ದೀಯೋ ಇದಕ್ಕೆಲ್ಲ..."

ಯಮುನಾ ಫೋನನ್ನು ಕಿವಿಯಿಂದ ತೆಗೆದು, ಬೆಳಗ್ಗೆ ಕೆಲಸದ ಗದ್ದಲದಲ್ಲಿ ಎತ್ತದೆ ಬಿಟ್ಟಿದ್ದ ಕರೆಗಳನ್ನು ನೋಡಿದಳು. ಒಂಬತ್ತೂವರೆಗೆ, ಹತ್ತೂಕಾಲಿಗೆ, ಹನ್ನೊಂದೂವರೆಗೆ ಒಂದೇ ಲ್ಯಾಂಡ್‌ಲೈನಿನಿಂದ ಮೂರು ಕರೆ. ಲೋನ್ ಬೇಕಾ ಮೇಡಂ ಎಂದು ಕೇಳುವವರಿರಬೇಕೆಂದು ಸುಮ್ಮನಾಗಿದ್ದಳು. ಈಗ ತಾನೇ ಬರೆದುಕೊಂಡ ಚೀಟಿಯನ್ನು ಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ಹೊಂದಿಸಿ ನೋಡಿದಳು.

"ಮನು... ಬೆಳಗ್ಗೆಯಿಂದ ಮೂರು ಸಲ ಮಾಡಿದ್ದಾರೆ ಕಣೋ... ಯಾರು ಅಂದ್ರೆ? ರಕ್ತನಿಧಿಯವ್ರು. ಏನಾದ್ರೂ ಇದ್ರೆ ಮಾತ್ರ ಮಾಡ್ತಾರೆ, ಅಲ್ವಾ?... ಹೋದ ಶನಿವಾರದ್ದಾ? ಅದು ಇಷ್ಟು ಬೇಗ ಕಾಣಲ್ಲ ಅಂತ ಈಗ ತಾನೇ ಹೇಳಿದ್ನಲ್ಲೋ. ಇದು ಹಳೇದು. ಎಷ್ಟು ಹಳೇದು?... ಅಳು ಆಮೇಲೆ ಇಟ್ಕೋ, ಮೊದಲು ಹೇಳು... ಗೌರಿ ಹಬ್ಬಕ್ಕೆ ಮುಂಚೆನಾ? ಎಷ್ಟು ಸಲ?... ಆಗ ದೀಪಶ್ರೀ ಬಾಗಲಗುಂಟೇಲೇ ಇದ್ಲಲ್ಲೋ. ಐದು ತಿಂಗಳು ಆಗ. ನಿನ್ನ ಪಕ್ಕದಲ್ಲೇ ಅಲ್ವಾ ಮಲಗ್ತಿದ್ದಿದ್ದು?... ಹೌದಾ ಇಲ್ವಾ?..."

"ಕೇಳಿಸ್ಕೋ. ಅವಳಿಗೂ ಟೆಸ್ಟ್ ಆಗ್ಲೇಬೇಕು, ತಡ ಮಾಡಂಗಿಲ್ಲ. ಬೇಗ ಗೊತ್ತಾದ್ರೆ ಮಗೂನ ಉಳಿಸ್ಕೋಬಹುದು. ಆದ್ರೆ ಏನಂತ ಹೇಳ್ಲೋ ನಾನು?... ನಾಳೆ ಎಲ್ರೂ ಸಾಲಾಗಿ ಬಂದು ಅವಳ ಕೈಗೆ ಹಸಿರು ಬಳೆ ಹಾಕ್ತಾರೆ. ಅದೇ ಕೈಯನ್ನ ಹಿಡ್ಕೊಂಡು, ಏನು ಹೇಳಿ ನಾನು ರಕ್ತ ತೆಗೀಲೋ?... ನೀನು ಬರ್ತೀಯಾ, ಹೇಳ್ತೀಯಾ ಅವಳಿಗೆ?... ಮನು... ಹಲೋ... ಮನು?..."

ಆ ಕಡೆ ಲೈನು ಕಟ್ಟಾಗಿತ್ತು.