ಒಂದು ಜೊತೆ ಒಲೆ

ಸಭೆಯ ಅಧ್ಯಕ್ಷತೆ ವಹಿಸಿರುವ ರಜಿಯಾ ಬೇಗಂ ಅವರೇ, ತುಮಕೂರಿನಿಂದ ಬಂದಿರುವ ಅತಿಥಿ ಮಹನೀಯರೇ, ನಮ್ಮ ಮಹಿಳಾ ಸಂಘದ ಸದಸ್ಯೆಯರೇ, ಮತ್ತು ಫ್ಯಾನು ನಿಂತು ಹೋದರೂ ಎದ್ದು ಹೋಗದೆ ಕುಳಿತಿರುವ ಸಹನಾಮೂರ್ತಿಗಳಾದ ಸಭಿಕರೇ,

ಇವತ್ತು ಸನ್ಮಾನ ನನ್ನ ಹೆಂಡತಿ ಚಿಕ್ಕಗೌರಮ್ಮನಿಗೆ. ಭಾಷಣ ಮಾತ್ರ ನನ್ನ ಪಾಲಿಗೆ. “ಶಾಲು ನಾನ್ ಹೊದ್ಕಂತೀನಿ, ಮಾತು ನೀವಾಡಿ” ಎಂದು ಹೇಳಿ ಅವಳು ಮೊದಲ ಸಾಲಿನಲ್ಲಿ ಕುಳಿತಿದ್ದಾಳೆ. ಇಷ್ಟು ವರ್ಷ ಮನೆಯಲ್ಲಿ ಮಾತೆಲ್ಲ ಅವಳದೇ. ಮೈಕು ಸಿಕ್ಕ ದಿನ ನನಗೆ ಬಿಟ್ಟುಕೊಟ್ಟಿದ್ದಾಳೆ. ಇದಕ್ಕಿಂತ ದೊಡ್ಡ ಔದಾರ್ಯ ಉಂಟೇ?

ನಮ್ಮ ಸಂಘದ ಕೊಬ್ಬರಿ ಮಿಠಾಯಿ, ಚಕ್ಕುಲಿ ಈಗ ತುರುವೇಕೆರೆ ದಾಟಿ ತಿಪಟೂರಿನ ಅಂಗಡಿಗಳಿಗೂ ಹೋಗುತ್ತಿವೆ. ಅವು ಶುರುವಾದದ್ದು ನಮ್ಮ ಮನೆಯ ಮಣ್ಣಿನ ಜೋಡಿ ಒಲೆಯ ಮೇಲೆ. ಈಗ ತಾನೇ ನಿರೂಪಕರು, “ಹುಚ್ಚರಂಗಯ್ಯನವರು ಪತ್ನಿಯ ಮನದಿಂಗಿತವನ್ನು ಅರಿತು ಆ ಒಲೆಯನ್ನು ಕಟ್ಟಿಕೊಟ್ಟರು” ಎಂದು ನನ್ನನ್ನು ಹೊಗಳಿದರು. ಸಭಿಕರೇ, ಆ ಮಾತನ್ನು ಸ್ವಲ್ಪ ತಿದ್ದುವುದಕ್ಕೇ ನಾನು ನಿಂತಿದ್ದೇನೆ.

ನನ್ನ ಕಸುಬು ಕೊಬ್ಬರಿ ಅಟ್ಟದ್ದು. ಅವರಿವರ ತೋಟದ ಕಾಯಿ ಅಟ್ಟದ ಮೇಲೆ ವರ್ಷ ತುಂಬುವವರೆಗೂ ಒಣಗುತ್ತದೆ. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪನ್ನು ಬಿಟ್ಟಿತೋ ಇಲ್ಲವೋ, ತಿಳಿಯುವುದು ಹೇಗೆ? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗಿಟಗಿಟ ಎಂದರೆ ಸುಲಿಯಬಹುದು, ಸುಮ್ಮನಿದ್ದರೆ ಇನ್ನೂ ಹಸಿ. ಹಸಿಯನ್ನು ಒಡೆದರೆ ತೋಟದವರ ಮಾಲು ಕೆಡುತ್ತದೆ, ನಮ್ಮ ಹೆಸರೂ ಕೆಡುತ್ತದೆ. ಆದ್ದರಿಂದ ಈ ಕಸುಬಿನಲ್ಲಿ ಕಿವಿ ಇದ್ದವನಿಗೇ ಕರೆ. ಹಾಲ್ಕುರಿಕೆಯವರೆಗೂ ನನ್ನನ್ನು ಕರೆಯುತ್ತಿದ್ದರು ಎಂದರೆ ನನ್ನ ಕಿವಿಯ ಗತ್ತು ಎಷ್ಟಿತ್ತು ಎಂದು ನೀವೇ ತಿಳಿಯಿರಿ.

ಬಹಳ ವರ್ಷದ ಹಿಂದೆ ಒಂದು ದಿನ ನಾನು ಅಟ್ಟದ ಮೇಲಿದ್ದೆ. ಬುತ್ತಿ ತಂದ ಇವಳು ಕೆಳಗೆ ನಿಂತು ಕೂಗಿದಳು. ನನಗೆ ಕೇಳಿಸಿದ್ದು ಇಷ್ಟು: “ಏನ್ರೀ, ಈ ವರ್ಷ ನಂಗೊಂದ್ ಜೊತೆ ವಲೆ ಮಾಡ್ಸಿಕೊಡ್ರಿ.” ಮದುವೆಯಾದಾಗಿನಿಂದ ಏನನ್ನೂ ಕೇಳದವಳು ಬಾಯಿಬಿಟ್ಟು ಕೇಳಿದ್ದಾಳೆ. ಒಂದು ಜೊತೆ ಒಲೆ ಎಂದರೇನು? ಎರಡು ಬಾಯಿಯ ಜೋಡಿ ಒಲೆ. ಪಾಪ, ಒಂಟಿ ಒಲೆಯಲ್ಲಿ ಸಾರು ಕುದಿಯುವಷ್ಟರಲ್ಲಿ ಮುದ್ದೆ ಆರಿ ಹೋಗುತ್ತಿತ್ತು. ಮಾಡಿಸುವುದೇನು, ನಾನೇ ಕಟ್ಟಿಕೊಡುತ್ತೇನೆ ಎಂದುಕೊಂಡೆ.

ಅವಳು ತವರು ಕೆಂಕೆರೆಗೆ ಹೋದ ಸಮಯ ನೋಡಿ ಕೆರೆಯ ಗೋಡು ಮಣ್ಣನ್ನು ತಲೆಯ ಮೇಲೆ ಹೊತ್ತು ತಂದೆ. ಹೊಟ್ಟು ಸೇರಿಸಿ ತುಳಿದೆ. ಎಲೆ ಅಡಿಕೆ ಬಿಟ್ಟು, ಉಳಿದ ಕಾಸಿನಲ್ಲಿ ಹೊಗೆ ಕೊಳವೆ ತಂದೆ. ಅವಳು ಬಂದು ಬಾಗಿಲಲ್ಲೇ ನಿಂತು ನೋಡಿದಳು. ಅವಳ ಕೈ ತಾನಾಗಿ ಕಿವಿಗೆ ಹೋಯಿತು. ಆಮೇಲೆ, “ಚೆಂದಾಗೈತೆ ಬುಡ್ರಿ” ಎಂದಳು. ಆ ಸಂಜೆಯೇ ಎರಡೂ ಬಾಯಿ ಹೊತ್ತಿಸಿ ಒಬ್ಬಟ್ಟು ಮಾಡಿದಳು. ನಾನು ಎಂದಿಗಿಂತ ಹೆಚ್ಚಾಗಿಯೇ ತಿಂದೆ.

ಅಂದಿನಿಂದ ಅವಳು ನನ್ನ ಜೊತೆ ಅಟ್ಟ ಹತ್ತಲು ಶುರುಮಾಡಿದಳು. “ಮನೇಲಿ ಒಬ್ಳೇ ಬೇಜಾರು ಕಣ್ರೀ” ಎನ್ನುವಳು. ಕಾಯಿಯನ್ನು ಮೊದಲು ತಾನು ಅಲ್ಲಾಡಿಸಿ, ಆಮೇಲೆ ನನ್ನ ಕೈಗೆ ಕೊಡುವಳು. ಒಲೆ ಕಟ್ಟಿದ್ದಕ್ಕೆ ಪ್ರೀತಿ ಹೆಚ್ಚಾಯಿತು ಎಂದು ನಾನು ಹಿಗ್ಗಿದೆ. ಅದೇ ಕಾಲಕ್ಕೆ ಊರಿನವರೆಲ್ಲ ಯಾಕೋ ಪಿಸುಗುಟ್ಟಿ ಮಾತಾಡುವುದನ್ನು ಕಲಿತಿದ್ದರು. ಕಾಲ ಕೆಟ್ಟಿತು ಎಂದುಕೊಂಡೆ.

ಹೋದ ತಿಂಗಳು ಸಂತೆ ಬೀದಿಯಲ್ಲಿ ಹಿಂದಿನಿಂದ ಬಂದ ಬೈಕಿನ ಹಾರ್ನು ನನಗೆ ಕೇಳಿಸಲಿಲ್ಲ. ಮೊಣಕಾಲು ತರಚಿಕೊಂಡು ಮನೆಗೆ ಬಂದೆ. ಮಾರನೆಯ ದಿನವೇ ಇವಳು ನನ್ನನ್ನು ತಿಪಟೂರಿಗೆ ಎಳೆದುಕೊಂಡು ಹೋಗಿ ಈ ಕಿವಿಯ ಮಿಷನ್ ಹಾಕಿಸಿದಳು. ದುಡ್ಡೆಲ್ಲಿತ್ತು ಎಂದೆ. “ಇತ್ತು ಬುಡ್ರಿ” ಎಂದಳು.

ಮಿಷನ್ ಹಾಕಿಕೊಂಡು ಜಗಲಿಯ ಮೇಲೆ ಕುಳಿತಿದ್ದೆ. ನನಗೆ ಕೇಳಿಸುವುದಿಲ್ಲ ಎಂಬ ಹಳೆಯ ಧೈರ್ಯದಲ್ಲಿ ಇವಳು ಒಳಗೆ ಮೊಮ್ಮಗಳು ಚೈತ್ರಳ ಜೊತೆ ಮಾತಾಡುತ್ತಿದ್ದಳು. “ಅಜ್ಜಿ, ಕಿವೀಲಿ ಯಾಕೆ ಪೊರಕೆ ಕಡ್ಡಿ ಸಿಗುಸ್ಕೊಂಡಿದೀಯ?” ಎಂದಿತು ಮಗು.

“ತೂತು ಮುಚ್ಕಂಡು ಹೋಗ್ದೆ ಇರ್ಲಿ ಅಂತ ಕಣೇ. ನಿಮ್ಮಜ್ಜನ್ನ ಒಂದ್ ಜೊತೆ ವಾಲೆ ಕೇಳ್ದೆ, ವಲೆ ಕಟ್ಟಿ ಕೂರ್ಸುದ್ರು.”

“ವಾಲೆ ಅಂತ ತಿರ್ಗಾ ಹೇಳ್ಬೇಕಿತ್ತು ತಾನೆ?”

“ಹೇಳುದ್ರೆ ಕಿವಿ ಕೇಳಲ್ಲ ಅಂತ ಅವ್ರಿಗೆ ಗೊತ್ತಾಗ್ತಿತ್ತು. ಆ ಕಿವಿ ನಂಬ್ಕಂಡೇ ಬದುಕಿದ್ರು ಕಣೇ, ನಾನ್ ಎಂಗೇಳ್ಲಿ?”

ಸಭಿಕರೇ, ಓಲೆಗೂ ಒಲೆಗೂ ನಡುವೆ ಇರುವುದು ಎಷ್ಟು? ಒಂದು ದೀರ್ಘ. ಆ ದೀರ್ಘ ನನ್ನ ಕಿವಿಗೆ ಬೀಳಲಿಲ್ಲ. ತೆಂಗಿನ ಗರಿಯ ಕಡ್ಡಿ ಅವಳ ಕಿವಿಯಲ್ಲಿ ದಿನಾ ಕಾಣುತ್ತಿತ್ತು. ಅದು ಅವಳ ಶೋಕಿ ಎಂದೇ ನಾನು ತಿಳಿದಿದ್ದೆ. ಓಲೆಗೆಂದು ಅವಳು ಮಿಠಾಯಿ ಮಾಡಿ ಕೂಡಿಟ್ಟಿದ್ದ ದುಡ್ಡೇ ಈಗ ಮಿಷನ್ ಆಗಿ ನನ್ನ ಕಿವಿಯಲ್ಲಿ ಕುಳಿತಿತ್ತು. ನಾನು ಅವತ್ತು ಜಗಲಿಯ ಮೇಲೆ ಅತ್ತೆ. ಹೇಳಲು ನಾಚಿಕೆಯೇನಿಲ್ಲ.

ಆ ತೂತು ಮುಚ್ಚುವ ಮೊದಲು ಅವಳಿಗೆ ಓಲೆ ಹಾಕಲೇಬೇಕು ಎಂದು ಚಿನ್ನದ ಅಂಗಡಿಗೆ ಹೋದೆ. ಅವರು ಹೇಳಿದ ಬೆಲೆ ಮಿಷನ್ ತೆಗೆದರೂ ಕೇಳಿಸುವಂತಿತ್ತು. ವಾಪಸ್ಸು ಬಂದು, ಅಟ್ಟದಲ್ಲಿ ಚೆನ್ನಾಗಿ ಬಲಿತ ಒಂದು ಕರಿ ಚಿಪ್ಪನ್ನು ಆರಿಸಿದೆ. ಕುಯ್ದು, ಉಜ್ಜಿ, ಕೊಬ್ಬರಿ ಎಣ್ಣೆ ಹಚ್ಚಿ ಮತ್ತೆ ಉಜ್ಜಿದೆ. ಅಕ್ಕಸಾಲಿಯ ಹತ್ತಿರ ಬೆಳ್ಳಿಯ ಕೊಕ್ಕೆ ಹಾಕಿಸಿದೆ.

ನಿನ್ನೆ ಸಂಜೆ ಅವಳ ಅಂಗೈಯಲ್ಲಿಟ್ಟು, “ತಗಳೇ, ನೀನು ಕೇಳಿದ್ದು” ಎಂದೆ. ಕಡ್ಡಿ ತೆಗೆದಳು, ಓಲೆ ಹಾಕಿಕೊಂಡಳು. ಆಮೇಲೆ ನನಗೆ ಏನೂ ಕೇಳಿಸಲಿಲ್ಲ. ಇಷ್ಟು ಮಾತಿನ ಹೆಂಗಸಿನ ದನಿ ನಿಂತುಹೋಯಿತು ಎಂದರೆ ಮಿಷನ್ ಕೆಟ್ಟಿರಬೇಕು ಎಂದು ಬೆರಳಿನಿಂದ ತಟ್ಟಿ ನೋಡಿದೆ. ಮಿಷನ್ ಸರಿಯಾಗಿಯೇ ಇತ್ತು. ಅವಳೇ ಮಾತಾಡಿರಲಿಲ್ಲ.

ಆಮೇಲೆ ಕಣ್ಣೊರೆಸಿಕೊಂಡು, “ಕೊನೆಗೂ ವಲೆಗಾಕೋ ಚಿಪ್ಪಲ್ಲೇ ವಾಲೆ ಮಾಡುದ್ರಲ್ರೀ” ಎಂದಳು. ಪ್ರತಿಯೊಂದು ಅಕ್ಷರವೂ ನನಗೆ ಕೇಳಿಸಿತು, ದೀರ್ಘದ ಸಮೇತ.

ನನ್ನ ಮನೆಯವಳನ್ನು ಗುರುತಿಸಿದ ಸಂಘಕ್ಕೂ, ಇಷ್ಟು ಹೊತ್ತು ಕಿವಿಗೊಟ್ಟ ನಿಮಗೂ ನಾನು ಋಣಿ. ಎಲ್ಲರಿಗೂ ನಮಸ್ಕಾರ.