ಮಾತು ನಿಂತ ಮೇಲೆ

ಮನೋವೈದ್ಯರ ಕೋಣೆಯ ಹೊರಗೆ ಏಣಿ ಹತ್ತಿ ಫ್ಯಾನ್ ಬಿಚ್ಚುತ್ತಿದ್ದ ಎಲೆಕ್ಟ್ರಿಷಿಯನ್‌ನ ಕಿವಿ, ಬೇಡವೆಂದರೂ, ಕೆಳಗಿನ ಬೆಂಚಿನಲ್ಲಿದ್ದ ಅಜ್ಜಿ-ಮೊಮ್ಮಗಳ ಕಡೆಗೇ ಇತ್ತು.

“ಒಳಗೆ ಏನ್ಮಾಡ್ತಾರೆ ಪುಟ್ಟಿ?”

“ಏನಿಲ್ಲ ಅಜ್ಜಿ. ನಾನು ಮಾತಾಡ್ತೀನಿ, ಅವರು ಕೇಳಿಸ್ಕೊಳ್ತಾರೆ.”

“ತಣ್ಣೀರಿನ ತೊಟ್ಟೀಲಿ ಕೂರಿಸಲ್ವಾ?”

“ಯಾವ ಕಾಲದಲ್ಲಿದ್ದೀಯ ನೀನು!”

“ನಮ್ಮಕ್ಕನ್ನ ಇದೇ ಆಸ್ಪತ್ರೇಲಿ ಕೂರಿಸ್ತಿದ್ರು. ಹಗಲೂ ರಾತ್ರಿ ವಟವಟ ಅಂತಿದ್ಲು, ಪಾಪ. ಮಾತು ನಿಲ್ಲೋವರೆಗೂ ಕೂರಿಸಿದ್ರು.”

“ನಿಂತ್ಮೇಲೆ?”

“ವಾಸಿಯಾಯ್ತು ಅಂತ ಮನೆಗೆ ಕಳಿಸಿದ್ರು. ಸಾಯೋವರೆಗೂ ತುಟಿಪಿಟಕ್ ಅನ್ನಲಿಲ್ಲ.”

“ಮೊದಲು ಏನಂತ ಹೇಳ್ತಿದ್ಲು, ಅಜ್ಜಿ?”

“ಯಾರು ಕೇಳಿಸ್ಕೊಂಡಿದ್ರು, ಹೇಳು?”

ಎಲೆಕ್ಟ್ರಿಷಿಯನ್‌ನ ಕೈಯಲ್ಲಿ ಸ್ಕ್ರೂಡ್ರೈವರ್ ತಿರುಗುವುದು ನಿಂತಿತು.

ಬಾಗಿಲು ತೆರೆದು ಮೊಮ್ಮಗಳನ್ನು ಕರೆದರು. ಎದ್ದವಳ ಕೈ ಬಿಡದೆ ಅಜ್ಜಿಯೂ ಹೊಸ್ತಿಲವರೆಗೆ ಹೋದಳು.

“ಜಾಸ್ತಿ ಮಾತಾಡ್ಬೇಡ ಕಣೇ.”