ಹನ್ನೊಂದನೇ ರೀಲಿನ ನಾಲ್ಕು ನಿಮಿಷ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಶ್ರೀ ಚಂದ್ರಶೇಖರ್ ಅವರೇ, ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳ ಹಳೇ ಸಿನಿಮಾ ಹುಚ್ಚಿನವರನ್ನು ಒಂದೇ ಸೂರಿನಡಿ ಕೂರಿಸಿದ ಬಳಗದ ಕಾರ್ಯದರ್ಶಿ ಕುಮಾರಿ ಧನ್ಯಾ ಅವರೇ, ಮುಂದಿನ ಸಾಲಿನ ಹಿರಿಯರೇ, ಹಿಂದೆ ಗೋಡೆಗೆ ಒರಗಿ ನಿಂತಿರುವ ಕಿರಿಯರೇ, ಈ ಮುದುಕನ ಮಾತು ಯಾವಾಗ ಮುಗಿದು ಸಿನಿಮಾ ಯಾವಾಗ ಶುರುವಾಗುತ್ತದೋ ಎಂದು ಕಾಯುತ್ತಿರುವ ಸಮಸ್ತ ಸಭಿಕರೇ,

ನಲವತ್ತೊಂದು ವರ್ಷ ನಾನು ನಿಮ್ಮ ಹಿಂದೆ, ಕ್ಯಾಬಿನ್ನಿನ ಕಿಂಡಿಯಲ್ಲಿ ಕುಳಿತವನು. ನಿಮ್ಮ ಮುಖ ನಾನು ನೋಡಿದ್ದು ಕಡಿಮೆ, ನನ್ನ ಮುಖ ನೀವು ನೋಡಿದ್ದು ಇನ್ನೂ ಕಡಿಮೆ. ರೀಲು ತುಂಡಾದಾಗ ಮಾತ್ರ ನೀವು ನನ್ನ ಕಡೆ ತಿರುಗಿ ಶಿಳ್ಳೆ ಹೊಡೆದು, ನನ್ನ ತಂದೆ ತಾಯಿಯನ್ನು ನೆನೆಯುತ್ತಿದ್ದಿರಿ. ನಮ್ಮ ನಿಮ್ಮ ನಡುವೆ ನಡೆದ ಮಾತುಕತೆ ಅಷ್ಟೇ. ಅಂಥವನನ್ನು ಇವತ್ತು ಎದುರಿಗೆ ನಿಲ್ಲಿಸಿ, ಶಾಲು ಹೊದಿಸಿ, ಮಾತಾಡಿ ಶಿವಮೂರ್ತಪ್ಪ ಅಂದಿದ್ದೀರಿ. ಇದಕ್ಕೆ ನಾನು ಅರ್ಹನೇ? ಈ ಪ್ರಶ್ನೆಯನ್ನು ಸನ್ಮಾನಿತರೆಲ್ಲ ಕೇಳುತ್ತಾರೆ, ವಿನಯಕ್ಕೆ. ನಾನು ವಿನಯಕ್ಕೆ ಕೇಳುತ್ತಿಲ್ಲ.

ನಿನ್ನೆ ಕೂತು ಎರಡು ಹಾಳೆ ಭಾಷಣ ಬರೆದಿದ್ದೆ. ಅದು ಜೇಬಿನಲ್ಲೇ ಇರಲಿ.

ನಾಗರಾಜ್ ಮೇಷ್ಟ್ರು ಈಗಷ್ಟೇ ಸನ್ಮಾನಪತ್ರ ಓದಿದರು. ಕಂಚಿನ ಕಂಠ ಅವರದು. ಅದರಲ್ಲೊಂದು ಸಾಲು ಬಂತು: ‘ಡಬ್ಬದಲ್ಲಿ ಬಂದದ್ದನ್ನು ಬಂದ ಹಾಗೆ ತೋರಿಸಿದ, ಒಂದು ಅಡಿ ಫಿಲಂಗೂ ಕತ್ತರಿ ಹಾಕದ ಪ್ರಾಮಾಣಿಕ ಆಪರೇಟರ್.’ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನು ಕೈ ಮುಗಿದೆ. ಕೈ ಮುಗಿಯಬಾರದಿತ್ತು.

ಇನ್ನು ಸ್ವಲ್ಪ ಹೊತ್ತಿಗೆ ನೀವು ನೋಡಲಿರುವ ಚಿತ್ರ ‘ಮೂರನೇ ಹ್ಯಾಂಗರಿನ ರಹಸ್ಯ’. ಇಂದಿನ ಮಕ್ಕಳಿಗೆ ಕಥೆಯ ಎಳೆ ಹೇಳುತ್ತೇನೆ, ಕೊಲೆಗಾರ ಯಾರು ಅಂತ ಹೇಳುವುದಿಲ್ಲ, ಹೆದರಬೇಡಿ. ಒಂದು ಸಣ್ಣ ವಿಮಾನ. ಅದರ ಶೆಡ್ಡಿನ ಕಾವಲುಗಾರನನ್ನು ಯಾರೋ ಕೊಲ್ಲುತ್ತಾರೆ. ಮಾರನೇ ದಿನ ಬೆಳಗ್ಗೆ ಹತ್ತು ಜನರನ್ನು ಕೂರಿಸಿಕೊಂಡು ಹಾರಿದ ಆ ವಿಮಾನ ಕಾಡಿನಲ್ಲಿ ಬೀಳುತ್ತದೆ. ಯಾರೋ ಬಾಲದ ಕಡೆಯ ಒಂದು ಕೀಲು ಕಿತ್ತಿದ್ದಾರೆ, ಹೆಬ್ಬೆರಳಿನಷ್ಟು ಸಣ್ಣ ಕೀಲು. ಟೊಪ್ಪಿಗೆಯ ಪತ್ತೇದಾರ ಬರುತ್ತಾನೆ, ಸಿಗರೇಟು ಸೇದುತ್ತಾನೆ, ಎಲ್ಲರನ್ನೂ ಅನುಮಾನಿಸುತ್ತಾನೆ. ನಡುವೆ ನಾಲ್ಕು ಹಾಡು. ಅರವತ್ತೆಂಟನೇ ಇಸವಿ, ಸಂಕ್ರಾಂತಿ ಕಳೆದ ವಾರ, ಇದೇ ಶಿಕಾರಿಪುರದಲ್ಲಿ ಇದನ್ನು ಓಡಿಸಿದವನು ನಾನು. ಆಗ ನನಗೆ ಇಪ್ಪತ್ತಮೂರು ವರ್ಷ.

ಪಂಚಾಕ್ಷರಪ್ಪನವರ ಟೂರಿಂಗ್ ಟಾಕೀಸ್ ಹಿರಿಯರಿಗೆ ನೆನಪಿರಬೇಕು. ಇಲ್ಲೊಂದು ಟೆಂಟು, ಸೊರಬದಲ್ಲೊಂದು ಟೆಂಟು. ಆದರೆ ಮೆಷಿನ್ನು ಒಂದೇ, ಆಪರೇಟರ್ ಒಬ್ಬನೇ. ಒಂದು ವಾರ ಇಲ್ಲಿ ಓಡಿಸುವುದು, ಮೆಷಿನ್ನು ಡಬ್ಬ ಎರಡನ್ನೂ ಲಾರಿಗೆ ಹೇರಿ ಮುಂದಿನ ವಾರ ಅಲ್ಲಿ ಓಡಿಸುವುದು. ಶಿಕಾರಿಪುರದಲ್ಲಿ ಒಂದು ಕಷ್ಟವಿತ್ತು. ಹಳ್ಳಿಗಳ ಕಡೆಗೆ ಕೊನೇ ಬಸ್ಸು ಒಂಬತ್ತು ಇಪ್ಪತ್ತಕ್ಕೆ. ಪಿಕ್ಚರ್ ಉದ್ದವಾದರೆ ಜನ ಕೊಲೆಗಾರ ಸಿಗುವ ಮೊದಲೇ ಎದ್ದು ಓಡುತ್ತಿದ್ದರು, ಮಾರನೇ ದಿನ ಬಂದು ಬೈಯುತ್ತಿದ್ದರು. ಅದಕ್ಕೆ ಟೆಂಟಿನವರೆಲ್ಲ ಒಂದು ಉಪಾಯ ಮಾಡಿಕೊಂಡಿದ್ದೆವು. ಎಷ್ಟು ನಿಮಿಷ ಹೆಚ್ಚೋ ಅಷ್ಟು ಫಿಲಂ ಕತ್ತರಿಸಿ, ತುದಿ ಅಂಟಿಸಿ, ತೆಗೆದ ತುಂಡನ್ನು ಸುರುಳಿ ಸುತ್ತಿ ಕ್ಯಾಬಿನ್ನಿನ ಮೊಳೆಗೆ ನೇತುಹಾಕುವುದು. ಊರು ಬಿಡುವಾಗ ಆ ತುಂಡನ್ನು ಇದ್ದಲ್ಲಿಗೇ ಸೇರಿಸಿ ಕಳಿಸುವುದು. ಹಂಚಿಕೆದಾರರಿಗೆ ಗೊತ್ತಾದರೆ ಟೆಂಟಿಗೆ ಮುಂದೆ ಪಿಕ್ಚರ್ ಸಿಗುತ್ತಿರಲಿಲ್ಲ, ಆಪರೇಟರ್ ಲೈಸೆನ್ಸ್ ಉಳಿಯುತ್ತಿರಲಿಲ್ಲ. ಹೇಳಿ, ಇನ್ನೂ ಚಪ್ಪಾಳೆ ತಟ್ಟುತ್ತೀರಾ?

ಆ ಪಿಕ್ಚರ್ ನಾಲ್ಕು ನಿಮಿಷ ಹೆಚ್ಚಿತ್ತು. ‘ನಾಕು ನಿಮಿಷ ಇಳಿಸೋ ತಮ್ಮಾ, ಬಸ್ ತಪ್ಪಿದ್ರ ನಾಳಿಂದ ಯಾರೂ ಬರಂಗಿಲ್ಲ’ ಅಂದರು ಪಂಚಾಕ್ಷರಪ್ಪ. ಎಲ್ಲಿ ಇಳಿಸಲಿ? ಹಾಡು ಮುಟ್ಟಿದರೆ ಟೆಂಟಿಗೆ ಬೆಂಕಿ ಬೀಳುತ್ತಿತ್ತು. ಹೊಡೆದಾಟ ಮುಟ್ಟುವಂತಿಲ್ಲ. ವಿಮಾನ ಬೀಳುವುದನ್ನು ನೋಡಲೆಂದೇ ಜನ ಬರುವುದು. ಹನ್ನೊಂದನೇ ರೀಲಿನಲ್ಲಿ ಒಬ್ಬ ಮೆಕ್ಯಾನಿಕ್ ಆಸ್ಪತ್ರೆಯ ಮಂಚದ ಮೇಲೆ ಮಲಗಿ ಪತ್ತೇದಾರನಿಗೆ ಏನೋ ಹೇಳುತ್ತಾನೆ. ಹೆಸರಿಲ್ಲದ ನಟ, ಯಾರೂ ಅರಿಯದ ಮುಖ. ಬರೀ ಮಾತು. ಅದನ್ನೇ ತೆಗೆದೆ. ನಿಜ ಹೇಳಬೇಕೆಂದರೆ ಕೊಲೆಗಾರ ಯಾರೆಂದು ಪತ್ತೇದಾರನಿಗೆ ತಿಳಿಯುವುದೇ ಆ ಮಾತಿನಿಂದ. ಆದರೆ ಇವನಿಗೆ ಹೇಗೆ ತಿಳಿಯಿತು ಎಂದು ಒಂದು ವಾರದಲ್ಲಿ ಒಬ್ಬರೂ ಕೇಳಲಿಲ್ಲ. ಪತ್ತೇದಾರ ಅಂದ ಮೇಲೆ ತಿಳಿಯಲೇಬೇಕಲ್ಲ, ಅಷ್ಟೇ. ನಗಿರಿ, ನಾನೂ ಆಗ ನಕ್ಕಿದ್ದೆ.

ಮುಂದಿನ ವಾರ ಸೊರಬ. ಅಲ್ಲಿಗೆ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು, ಬಸ್ಸಿನ ಗೊಡವೆ ಇರಲಿಲ್ಲ. ತುಂಡು ಸೇರಿಸಿ ಓಡಿಸಬೇಕು ಎಂದು ಡಬ್ಬ ತೆರೆದೆ. ತುಂಡಿಲ್ಲ. ಶಿಕಾರಿಪುರದ ಮೊಳೆಯಲ್ಲೇ ನೇತಾಡುತ್ತಿದೆ. ಲಾರಿಗೆ ಹೇರುವ ಅವಸರದಲ್ಲಿ ಮರೆತು ಬಂದಿದ್ದೆ. ಇರಲಿ, ನಾಳೆ ಹೋಗಿ ತಂದರಾಯಿತು ಅಂದುಕೊಂಡು ಹಾಗೇ ಓಡಿಸಿದೆ.

ಆ ಮೊದಲ ದಿನವೇ ಹೊಸಬಾಳೆಯಿಂದ ಮೂರು ಗಾಡಿ ಬಂದವು. ಲೋಕಪ್ಪ ಎಂಬ ಇಪ್ಪತ್ತೈದರ ಯುವಕ ಕರೆತಂದಿದ್ದ. ಅಕ್ಕಿ ಲಾರಿಯ ಕ್ಲೀನರ್ ಆಗಿ ಮದ್ರಾಸಿಗೆ ಹೋದವನು, ಅಲ್ಲೇ ಒಂದು ವರ್ಷ ಲಾರಿ ರಿಪೇರಿ ಕಲಿತವನು. ಸ್ಟುಡಿಯೋದವರಿಗೆ ಸ್ಪಾನರ್ ಹಿಡಿದು ಗೊತ್ತಿರುವವನೊಬ್ಬ ಬೇಕಿತ್ತು, ಇವನನ್ನು ಕರೆದರು. ಊರಿಗೆ ಬಂದು ಆತ ಎಲ್ಲರಿಗೂ ಹೇಳಿಬಿಟ್ಟಿದ್ದ, ಪಿಕ್ಚರಿನಲ್ಲಿ ನಾನು ಮಾತಾಡುತ್ತೇನೆ, ಕಡೆಗೆ ನನ್ನ ಮುಖ ಇಡೀ ಪರದೆ ತುಂಬ ಬರುತ್ತದೆ ಎಂದು. ಹೊಸದಾಗಿ ಕೈಹಿಡಿದ ಹೆಂಡತಿ ಉಚ್ಚಂಗಮ್ಮ, ಕುಪ್ಪಗಡ್ಡೆಯ ಮಾವ ರಾಮಪ್ಪ, ಅಕ್ಕಪಕ್ಕದ ಮನೆಯವರು, ಎಲ್ಲರೂ ಬಂದು ನೆಲದ ಮೇಲೆ ಸಾಲಾಗಿ ಕೂತರು. ಪಿಕ್ಚರಿನಲ್ಲಿ ಕಂಡದ್ದೇನು? ವಿಮಾನ ತಳ್ಳುವ ಒಬ್ಬನ ಬೆನ್ನು. ಎರಡು ಸಲ ಬೆನ್ನು. ಮುಖವೂ ಇಲ್ಲ, ಮಾತೂ ಇಲ್ಲ. ಮಂಗಳ ಹಾಡಿದ ಮೇಲೆ ಲೋಕಪ್ಪ ಎದ್ದು ನಿಂತು ‘ಇತ್ತು ಕಣ್ರೀ, ಇಲ್ಲೇ ಇತ್ತು’ ಎನ್ನುತ್ತಿದ್ದದ್ದು ನನ್ನ ಕಿಂಡಿಗೆ ಕೇಳಿಸಿತು. ಜನ ನಗುತ್ತ ಗಾಡಿ ಹತ್ತಿದರು. ಮಾವ ನಗಲಿಲ್ಲ. ಅಳಿಯನ ಗಾಡಿ ಬಿಟ್ಟು ಬೇರೆಯವರ ಗಾಡಿ ಹತ್ತಿದರು.

ಮಾರನೇ ದಿನ ಮಧ್ಯಾಹ್ನ ನಾನು ಮೆಷಿನ್ನು ಒರೆಸುತ್ತಿದ್ದಾಗ ಲೋಕಪ್ಪ ಒಬ್ಬನೇ ಬಂದ. ಜಗಳಕ್ಕೆ ಬರಲಿಲ್ಲ, ಚಪ್ಪಲಿ ಹೊರಗೆ ಬಿಟ್ಟು ಬಂದ. ಆ ಜಾಗದಲ್ಲಿ ನೀವೇನಾದರೂ ಕತ್ತರಿಸಿದ್ದೀರಾ ಎಂದು ಕೇಳಿದ. ಹೌದಪ್ಪ, ತುಂಡು ಶಿಕಾರಿಪುರದಲ್ಲಿದೆ, ನಾಳೆ ಜನರನ್ನು ಕರೆದುಕೊಂಡು ಬಾ ಅಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನ ತಲೆಯಲ್ಲಿ ಲೈಸೆನ್ಸ್ ಇತ್ತು. ಇವನು ಹೊರಗೆ ಬಾಯಿಬಿಟ್ಟರೆ ಎನ್ನುವ ದಿಗಿಲಿತ್ತು. ನಾನು ಹೇಳಿದೆ: ‘ಡಬ್ಬದಲ್ಲಿ ಬಂದದ್ದನ್ನ ಬಂದ ಹಾಗೆ ತೋರಿಸೋನು ನಾನು. ನಿಮ್ಮದು ಮದ್ರಾಸಲ್ಲೇ ಕಿತ್ತುಹಾಕಿರಬೇಕು.’

ಆತ ಹೊರಗೆ ಹೋಗಿ ಚಪ್ಪಲಿ ಮೆಟ್ಟಿದ. ಆಮೇಲೆ ಕೇಳಿದ: ‘ನಾನು ಅಷ್ಟು ಕೆಟ್ಟದಾಗಿ ಮಾಡಿದ್ನೇನ್ರೀ?’

ನಾನು ಮೆಷಿನ್ನು ಒರೆಸುತ್ತಲೇ ಇದ್ದೆ.

ಸಭಿಕರೇ, ಸುಳ್ಳು ಹೇಳಿದವನು ಅಲ್ಲಿಗೇ ನಿಲ್ಲುವುದಿಲ್ಲ. ಅದೇ ಸಂಜೆ ಆಟ ಶುರುಮಾಡುವ ಮೊದಲೇ ಶಿಕಾರಿಪುರಕ್ಕೆ ಹೋಗಿ ಬಂದೆ. ಮೊಳೆಯಲ್ಲಿ ತುಂಡು ಹಾಗೇ ಇತ್ತು. ಬಿಸಿಲಿಗೆ ಹಿಡಿದು ನೋಡಿದೆ. ಒಂದೊಂದು ಚೌಕದಲ್ಲೂ ಲೋಕಪ್ಪನ ಮುಖ. ಚೀಲಕ್ಕೆ ಹಾಕಿಕೊಂಡೆ. ಸೊರಬದಲ್ಲಿ ಸೇರಿಸಿದರೆ ನಾನು ಕಳ್ಳನಾಗುತ್ತೇನೆ, ಸೇರಿಸದೆ ಇಟ್ಟುಕೊಂಡರೆ ಎಂದಾದರೂ ಸಿಕ್ಕಿಬೀಳುತ್ತೇನೆ. ವಾರ ಕಳೆದು ಡಬ್ಬ ವಾಪಸು ಕಳಿಸಿದ ಮೇಲೆ ಒಂದು ಬೆಳಗ್ಗೆ ಸೈಕಲ್ ತುಳಿದು ಅಂಜನಾಪುರಕ್ಕೆ ಹೋದೆ. ತುಂಡಿಗೆ ಕಲ್ಲು ಕಟ್ಟಿ ಡ್ಯಾಮಿನ ನೀರಿಗೆ ಎಸೆದೆ. ಯಾರೂ ನೋಡಲಿಲ್ಲ. ಐವತ್ತೇಳು ವರ್ಷ ಯಾರಿಗೂ ಹೇಳಲಿಲ್ಲ.

ಹಂಚಿಕೆದಾರರು ಆ ನಾಲ್ಕು ನಿಮಿಷ ಹುಡುಕಲಿಲ್ಲ. ಪಿಕ್ಚರ್ ಎಲ್ಲೂ ಓಡಲಿಲ್ಲ, ಯಾರಿಗೆ ಬೇಕಿತ್ತು? ಆದರೆ ಹೊಸಬಾಳೆಯಲ್ಲಿ ಆತ ‘ಬೆನ್ನು ಲೋಕಪ್ಪ’ ಆದ. ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ. ಮುಂದೆ ನಾನು ಇಲ್ಲಿನ ಕಾಯಂ ಟಾಕೀಸು ಸೇರಿದ ಮೇಲೆ ಆತ ಆಗಾಗ ಪಿಕ್ಚರಿಗೆ ಬರುತ್ತಿದ್ದ. ನನ್ನನ್ನು ಕಂಡರೆ ಜೊತೆಯವರಿಗೆ ತೋರಿಸಿ ಹೇಳುತ್ತಿದ್ದ, ಇವರು ಬಹಳ ಪ್ರಾಮಾಣಿಕ ಆಪರೇಟರ್, ಡಬ್ಬದಲ್ಲಿ ಬಂದದ್ದನ್ನು ಬಂದ ಹಾಗೆ ತೋರಿಸುವವರು ಎಂದು. ಆ ಮಾತು ಬಾಯಿಂದ ಬಾಯಿಗೆ ಹೋಯಿತು. ನಾಗರಾಜ್ ಮೇಷ್ಟ್ರೇ, ನೀವು ಓದಿದ ಸಾಲು ಬಂದದ್ದು ಆತನಿಂದ. ನನಗೆ ಈ ಹೆಸರು ಕೊಟ್ಟವನು ಲೋಕಪ್ಪ, ಆತನಿಗೆ ಆ ಹೆಸರು ಕೊಡಿಸಿದವನು ನಾನು.

ಇಷ್ಟು ದಿನ ಇಲ್ಲದ್ದು ಇವತ್ತೇಕೆ ಎಂದು ಕೇಳುತ್ತೀರಿ. ಒಂದು ಗಂಟೆ ಹಿಂದೆ, ಕೆಳಗಿನ ಕೋಣೆಯಲ್ಲಿ ಕಾಫಿ ಕುಡಿಯುವಾಗ, ಒಬ್ಬ ಹೆಣ್ಣುಮಗಳು ನನ್ನ ಪಕ್ಕದಲ್ಲಿ ಬಂದು ಕೂತರು. ಹೆಸರು ಮೈತ್ರಿ. ಲೋಕಪ್ಪನವರ ಮಗಳು. ತಂದೆ ತೀರಿಕೊಂಡು ಹನ್ನೊಂದು ವರ್ಷವಾಯಿತಂತೆ. ಶಾಲೆಯಲ್ಲಿ ಮಕ್ಕಳು ಬೆನ್ನು ಲೋಕಪ್ಪನ ಮಗಳು ಎಂದು ಆಡಿಕೊಂಡಾಗ, ಹತ್ತು ವರ್ಷದ ಇವರು ಮನೆಗೆ ಬಂದು ‘ಇನ್ನು ಆ ಸುಳ್ಳು ಎತ್ತಬೇಡ’ ಎಂದು ತಂದೆಗೆ ಹೇಳಿದರಂತೆ. ಅವರು ಮತ್ತೆ ಎತ್ತಲಿಲ್ಲವಂತೆ, ಸಾಯುವ ತನಕ. ಚಿತ್ರ ಸಿಕ್ಕಿದೆ ಎಂಬ ಸುದ್ದಿ ನೋಡಿ ಇವರು ಸೊರಬದಿಂದ ಬಂದಿದ್ದಾರೆ. ನನ್ನ ಕೈ ಹಿಡಿದು ಹೇಳಿದರು: ‘ಇವತ್ತು ಅಪ್ಪಾಜಿ ಮುಖ ನೋಡಿ ತಪ್ಪಾಯ್ತು ಅನ್ಬೇಕು ಸರ್.’

ಆ ಮುಖ ಈ ಪ್ರತಿಯಲ್ಲಿಲ್ಲ ಎಂದು ಗೊತ್ತಿದ್ದೂ ನಾನು ಕಾಫಿ ಕುಡಿದೆ.

ಗೊತ್ತಿದ್ದದ್ದು ಹೇಗೆಂದರೆ, ಹೋದ ವಾರ ಧನ್ಯಾ ಅವರು ಲ್ಯಾಪ್‌ಟಾಪಿನಲ್ಲಿ ನನಗೆ ಈ ಚಿತ್ರ ತೋರಿಸಿದ್ದರು. ಎಲ್ಲೋ ಗೋದಾಮಿನಲ್ಲಿ ಸಿಕ್ಕ ಪ್ರತಿ, ಇದೊಂದೇ ಉಳಿದಿರುವುದು, ನೆಗೆಟಿವ್ ಕೂಡ ಇಲ್ಲವಂತೆ. ಹನ್ನೊಂದನೇ ರೀಲು ಬಂತು. ಪತ್ತೇದಾರ ಆಸ್ಪತ್ರೆಯ ಬಾಗಿಲು ತಳ್ಳುತ್ತಾನೆ, ಮರುಕ್ಷಣ ಜೀಪಿನಲ್ಲಿದ್ದಾನೆ. ನಡುವೆ ಒಂದು ಓರೆ ಗೆರೆ. ನಾನು ಕತ್ತರಿಸುವಾಗ ಬ್ಲೇಡು ಸ್ವಲ್ಪ ಓರೆಯಾಗುತ್ತಿತ್ತು. ನನ್ನ ಕೈ ನನಗೆ ಗುರುತು ಸಿಗದೇ? ಉಳಿದಿರುವುದು ನಾನು ಹಾಳು ಮಾಡಿದ ಪ್ರತಿ.

ಮೈತ್ರಿಯವರೇ, ನೀವು ಮೂರನೇ ಸಾಲಿನಲ್ಲಿದ್ದೀರಿ. ದೀಪ ಆರಿದ ಮೇಲೆ ಎರಡೂವರೆ ಗಂಟೆ ಕಾದು, ಬೆನ್ನು ಮಾತ್ರ ಕಂಡು, ನನ್ನಪ್ಪ ಹೇಳಿದ್ದು ಸುಳ್ಳೇ ಇರಬೇಕು ಎಂದು ನೀವು ಇನ್ನೊಮ್ಮೆ ಎದ್ದು ಹೋಗಬಾರದು. ಅದಕ್ಕೆ ಹೇಳಿದೆ. ನಿಮ್ಮ ತಂದೆ ಸುಳ್ಳು ಹೇಳಲಿಲ್ಲ. ನಾನು ಹೇಳಿದೆ.

ಏಳುತ್ತಿದ್ದೀರಿ. ಏಳಬೇಡಿ ಎನ್ನಲು ನನಗೆ ಬಾಯಿಲ್ಲ. ದಾರಿ ಬಿಡಿ ಅವರಿಗೆ, ಕುರ್ಚಿ ಸರಿಸಿ. ಆದರೆ ಅಮ್ಮಾ, ಬಾಗಿಲು ದಾಟುವ ಮೊದಲು ಒಂದು ನಿಮಿಷ. ಆ ತುಂಡು ನೋಡಿದವರಲ್ಲಿ ಈಗ ಬದುಕಿರುವವನು ಬಹುಶಃ ನಾನೊಬ್ಬನೇ. ನಾನೂ ಹೋದರೆ ಅದೂ ಹೋಗುತ್ತದೆ.

ಅವರು ಕೆಟ್ಟದಾಗಿ ಮಾಡಿರಲಿಲ್ಲ, ತಾಯೀ. ಮಂಚದ ಮೇಲೆ ಮಲಗಿದ್ದರು. ತಲೆಗೆ ಪಟ್ಟಿ. ಪತ್ತೇದಾರ ಬಂದು ಕೂತಾಗ ಅವರು ಮೊದಲು ಮಾತಾಡಲಿಲ್ಲ. ಕೈಯಲ್ಲಿ ಗ್ರೀಸು ಇನ್ನೂ ಇದೆಯೇನೋ ಎಂಬಂತೆ ಹೊದಿಕೆಗೆ ಎರಡೂ ಕೈ ಒರೆಸಿಕೊಂಡರು. ಅದನ್ನು ಯಾವ ನಿರ್ದೇಶಕನೂ ಹೇಳಿಕೊಟ್ಟಿರಲಾರ. ಆಮೇಲೆ ಮುಖ ಈ ಕಡೆ ತಿರುಗಿತು, ಪರದೆ ತುಂಬ. ಎಡಗಡೆ ಹುಬ್ಬಿನಲ್ಲೊಂದು ಸೀಳು. ಅವರು ಹೇಳಿದ್ದು ಇಷ್ಟು:

‘ಆ ಕೀಲು ಕೀಳೋದನ್ನ ನಾನು ನೋಡಿದ್ದೆ ಸ್ವಾಮಿ. ಹೇಳಿದರೆ ಕೆಲಸ ಹೋಗುತ್ತೆ ಅಂತ ಸುಮ್ಮನಿದ್ದೆ. ಹತ್ತು ಜನ ಹೋದರು. ಅವರ ಹೆಸರೆಲ್ಲ ನನಗೆ ಗೊತ್ತು. ಒಂದೊಂದೇ ಹೇಳ್ತೀನಿ, ಬರೆದುಕೊಳ್ಳಿ.’

ಹೆಸರು ಹೇಳುತ್ತಾ ಹೋದರು. ಹತ್ತನೆಯದಕ್ಕೆ ದನಿ ನಿಂತಿತು. ಡಬ್ಬ ಬಂದ ದಿನ ಪರೀಕ್ಷೆಗೆಂದು ಓಡಿಸಿ ನೋಡಿದ ಟ್ರಯಲ್ ಷೋನಲ್ಲಿ ನನ್ನ ಕಣ್ಣು ಒದ್ದೆಯಾಗಿತ್ತು. ಮಾರನೇ ದಿನ ಅದಕ್ಕೇ ಕತ್ತರಿ ಹಾಕಿದೆ.

ಹೋದರು. ಮಾತು ಮುಗಿಯುವ ತನಕ ಬಾಗಿಲಲ್ಲಿ ನಿಂತಿದ್ದು ಹೋದರು. ನನ್ನ ಕಡೆ ತಿರುಗಲಿಲ್ಲ. ತಿರುಗಬೇಕಾಗಿಯೂ ಇರಲಿಲ್ಲ.

ಧನ್ಯಾ ಅವರೇ, ಚಿತ್ರ ಶುರುಮಾಡಿ. ಕೇಳಿಸಿಕೊಂಡಿರಿ, ನಡುವೆ ಎದ್ದು ಬೈಯಲಿಲ್ಲ, ಆ ಉಪಕಾರಕ್ಕೆ ಈ ಸಭೆಗೆ ನಾನು ಋಣಿ. ಎಲ್ಲರಿಗೂ ನಮಸ್ಕಾರ.